ನೀರು ಬಿಡುವ ದಿನದ ಸಭೆ

ಕಚೇರಿಯವರು ಎರಡು ದಿನ ನಾಯಕತ್ವದ ತರಬೇತಿಗೆ ಕಳಿಸಿದ್ದೇ ಕಳಿಸಿದ್ದು, ಗುಮಾಸ್ತನಾಗಿ ಹೋದ ನಾನು ಮಹಾನಾಯಕನಾಗಿ ಮರಳಿದೆ! 'ತಿಳಿಯುವಂತೆ ಹೇಳುವವನೇ ನಾಯಕ' ಎಂಬುದು ಅಲ್ಲಿ ಸಿಕ್ಕ ಮಂತ್ರ. ಇನ್ನು ಮೇಲೆ ನನ್ನ ಮನೆಯಲ್ಲಿ ಗೊಂದಲವೆಂಬುದೇ ಇರಕೂಡದೆಂದು ಪಣ ತೊಟ್ಟೆ.

ಪಣಕ್ಕೆ ತಕ್ಕ ರಣರಂಗವೂ ಸಿಕ್ಕಿತು. ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನಳದ ನೀರು ಬರುತ್ತದೆ, ಅದೂ ಅರ್ಧ ತಾಸು. ಈ ಸಲದ ಪಾಳಿ ಭಾನುವಾರ ಹತ್ತಕ್ಕೆ. ಸೋಮವಾರ ನನ್ನ ಹೆಂಡತಿ ಇಂದುವಿನ ತವರಿನಿಂದ ಹನ್ನೊಂದು ಜನ ಊಟಕ್ಕೆ! ನೀರಿನ ಟಾಕಿಯ ತಳ ಆಗಲೇ ಕಾಣುತ್ತಿತ್ತು. ನೀರು ತಪ್ಪಿದರೆ ನನ್ನ ಮಾನ ನೀರುಪಾಲು.

ಭಾನುವಾರ ಒಂಬತ್ತೂಕಾಲಿಗೇ ಇಂದುವನ್ನೂ ಮಗಳು ವೃಂದಾಳನ್ನೂ ಹಿತ್ತಲಲ್ಲಿ ಕೂರಿಸಿ, ಬಾಗಿಲಿಗೆ ಅಡ್ಡ ನಿಂತು ಗಂಟಲು ಸರಿಮಾಡಿಕೊಂಡೆ.

"ನಾ ಮಾತಾಡೂಮುಂದ ಯಾರೂ ನಡುವ ಬಾಯಿ ಹಾಕಂಗಿಲ್ಲ. ಪ್ರಶ್ನಿ ಕಡೀಕ!"

"ನಾಕು ಕೊಡಾ ತುಂಬಾಕ ಭಾಷಣ ಯಾಕ್ರೀ?" ಎಂದಳು ಇಂದು.

"ಭಾಷಣ ಅಲ್ಲ, ಯೋಜನಾ!"

ಮೊದಲು ಕುಡಿಯುವ ನೀರಿನ ಹಂಡೆ, ಆಮೇಲೆ ಅಡುಗೆಯ ಕೊಡ, ನಂತರ ಪೈಪು ಹಚ್ಚಿ ಟಾಕಿ, ಕಡೆಗೆ ಬಕೆಟ್ಟು. ಒಂದೊಂದನ್ನೂ ಮೂರು ಮೂರು ಸಲ ಹೇಳಿದೆ. ಹಿಂದಿನ ಸಾಲಿಗೂ ಕೇಳಲೆಂದು ದನಿ ಏರಿಸಿದೆ. ಹಿಂದಿನ ಸಾಲು ಇರಲಿಲ್ಲ, ಆದರೂ ಏರಿಸಿದೆ!

ವೃಂದಾ ಕೈ ಎತ್ತಿದಳು. "ಅಪ್ಪಾ, ಮುಂದಿನ ಅಂಗಳದಾಗ ಏನೋ ಸಪ್ಪಳಾ..."

"ಕಡೀಕ!"

ಇಂದು ಎದ್ದಳು. "ಬಾಗಲಾ ಬಿಡ್ರಿ, ನೋಡಿ ಬರ್ತೇನಿ."

"ನೀರು ಹತ್ತಕ್ಕ ಬರೋದು, ಈಗಿನ್ನೂ ಒಂಬತ್ತೂವರಿ. ಕೂಡು! ಶಿಸ್ತು ಬೇಕು, ಶಿಸ್ತು!"

ಹತ್ತಕ್ಕೆ ಸರಿಯಾಗಿ ಸಭೆ ಮುಗಿಸಿ, ಸೇನೆಯ ಮುಂದೆ ಠೀವಿಯಿಂದ ಅಂಗಳಕ್ಕೆ ನಡೆದೆ. ಅಂಗಳವೆಲ್ಲ ಒದ್ದೆ! ನಳದ ಬಾಯಲ್ಲಿ ಕೊನೆಯ ಹನಿ ತೂಗುತ್ತಿತ್ತು. ನೀರು ಬಿಡುವವರು ಅವತ್ತೇ ಅರ್ಧ ತಾಸು ಮೊದಲು ಬಿಟ್ಟು, ಬಂದ್ ಮಾಡಿಕೊಂಡೂ ಹೋಗಿದ್ದರು.

"ನಾಳೆ ಹನ್ನೊಂದು ಮಂದಿಗೂ ನಿಮ್ಮ ಯೋಜನಾನ ಕುಡಸ್ರಿ!" ಎಂದು ಇಂದು ನನ್ನ ಎರಡೂ ಕೈಗೆ ಒಂದೊಂದು ಖಾಲಿ ಕೊಡ ಕೊಟ್ಟು ಬಾಗಿಲು ಹಾಕಿಕೊಂಡಳು.

ತಲೆ ತಗ್ಗಿಸಿ ಪಕ್ಕದ ಮನೆಗೆ ಹೋದೆ. ಗುಲ್ಜಾರಬಿಯವರ ಅಂಗಳದಲ್ಲಿ ಹಂಡೆ, ಕೊಡ, ಟಾಕಿ, ಬಕೆಟ್ಟು ಸಾಲಾಗಿ ತುಂಬಿ ತುಳುಕುತ್ತಿದ್ದವು!

"ಬರ್ರಿ ಏಕನಾಥ ಅಣ್ಣಾರ, ಎಷ್ಟ್ ಬೇಕೋ ಅಷ್ಟ್ ಒಯ್ರಿ!" ಎಂದರು ಅವರು ಬಾಯ್ತುಂಬ ನಗುತ್ತ. "ನೀವು ಮಾತಾಡಿದ್ದೆಲ್ಲಾ ನಡುವಿನ ಗ್ವಾಡಿ ದಾಟಿ ಈಚೆ ಖಣಖಣ ಕೇಳಸ್ತಿತ್ರಿ. ಏನ್ ಛಲೋ ತಿಳಿಸಿ ಹೇಳ್ತೀರಿ! ನೀವು ಹೇಳಿದಂಗ ಒಂದೊಂದ ತುಂಬಕೋತ ಹೋದ್ವಿ, ಒಂದ್ ಹನಿ ಸೈತ ಚೆಲ್ಲಲಿಲ್ಲ. ಮುಂದಿನ ಸಲಾನೂ ಹಿಂಗ ಜೋರಾಗೇ ಹೇಳ್ರಿ, ಅಣ್ಣಾರ!"