ಇತರೆ ಬೇಡಿಕೆಗಳು

ಇದನ್ನು ಬರೆಯಬೇಕೆಂದು ಮೂರು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಪೆನ್ನು ಸರಿಯಿಲ್ಲ, ಕನ್ನಡಕದ ನಂಬರು ಬದಲಾಗಿದೆ, ಮೊಣಕೈ ನೋವು. ಮುಂದೂಡಲು ನನ್ನಲ್ಲಿ ಕಾರಣಗಳಿಗೆ ಬರವಿಲ್ಲ. ಎಲ್ಲ ತಪ್ಪಿನ ಮೂಲ ನನ್ನ ದುಂಡು ಅಕ್ಷರ. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವನಿಗೆ ಹಾನುಬಾಳಿನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಕೊಡಿಸಿದ್ದು ಅದೇ. ನಿವೃತ್ತನಾಗಿ ಸಕಲೇಶಪುರದ ಈ ಗುಡ್ಡದ ಬಡಾವಣೆಗೆ ಬಂದ ಮೇಲೆ ನನ್ನನ್ನು ದೊಡ್ಡ ಮನುಷ್ಯನನ್ನಾಗಿ ಮಾಡಿದ್ದೂ ಅದೇ.

ಬಡಾವಣೆ ಸುಧಾರಿಸುತ್ತೇವೆ, ಏನೇನು ಬೇಕೋ ಪಟ್ಟಿ ಕೊಡಿ ಎಂದು ಪುರಸಭೆಯವರು ವಾರ್ಡ್ ಸಭೆ ಕರೆದರು. ಬರೆಯುವ ಹೊಣೆ ನನ್ನದಾಯಿತು. ಬೇಡಿಕೆ ಒಂದು ಕಡೆ, ಕೇಳಿದವರ ಹೆಸರು ಇನ್ನೊಂದು ಕಡೆ. ಕಾಫಿ ಬೆಳೆಗಾರ ಗೌಡರೊಬ್ಬರು ಎದ್ದು, "ಮೊದ್ಲು ಒಂದು ಕಮಾನು ಬರ್ಕೊ ಮಾರಾಯ. ಬಂದೋರಿಗೆ ಇಲ್ಲೊಂದು ಬಡಾವಣೆ ಐತೆ ಅಂತ ಗೊತ್ತಾಗ್ಬೇಡ್ವಾ?" ಎಂದರು. ಒಂದನೇ ನಂಬರು ಕೊಟ್ಟೆ. ಬೆಳೆಗಾರರು ಎದ್ದು ನಿಂತರೆ ನನ್ನ ಪೆನ್ನೂ ತಾನಾಗಿ ಏಳುತ್ತದೆ. ಮೂವತ್ತು ವರ್ಷದ ಅಭ್ಯಾಸ. ಎರಡನೆಯದು ಕಲ್ಲುಬೆಂಚು. ಅದನ್ನು ಯಾರೂ ಕೇಳಿರಲಿಲ್ಲ. ಕೂತು ಪೇಪರ್ ಓದಲು ನನಗೆ ಬೇಕಿತ್ತು.

ಆಗ ಹಿಂದಿನ ಸಾಲಿನಿಂದ ಇಡ್ಲಿಯಮ್ಮ ಎದ್ದರು. ದಿನಾ ಬೆಳಗ್ಗೆ ಇಡ್ಲಿ ಪಾತ್ರೆ ಹೊತ್ತು ನಮ್ಮ ಬಡಾವಣೆಯ ಮೆಟ್ಟಿಲು ಇಳಿದು, ಬಸ್ ಸ್ಟ್ಯಾಂಡಿನಲ್ಲಿ ಮಾರಿ ಬದುಕುತ್ತಿದ್ದ ಒಂಟಿ ಹೆಂಗಸು. "ನಂದೂ ಬರ್ಕಳಿ ರೈಟ್ರೇ. ಮೆಟ್ಲಿಗೆ ಒಂದು ಕಂಬಿ ಹಾಕ್ಸಿ. ಪಾಚಿ ಕಟ್ಟಿದ್ರೆ ಹಿಡ್ಕಳಕೆ ಏನೂ ಇಲ್ಲ ಕಣ್ರೀ. ಇಡ್ಲಿ ಜಾರಿದ್ರೆ ನಾಯಿಗಾಯ್ತದೆ, ನಾನು ಜಾರಿದ್ರೆ ಯಾರಿಗೆ?"

ಎಲ್ಲರೂ ನಕ್ಕರು. ನಾನೂ ನಕ್ಕು ಬರೆಯಲು ಹೋದರೆ ಹೆಸರಿನ ಜಾಗದಲ್ಲಿ ಪೆನ್ನು ನಿಂತಿತು. ಐದು ವರ್ಷ ಅವರ ಇಡ್ಲಿ ತಿಂದಿದ್ದೇನೆ, ಹೆಸರು ಗೊತ್ತಿಲ್ಲ. ಅಷ್ಟು ಜನರ ಮುಂದೆ ಕೇಳಲು ನಾಚಿಕೆಯಾಯಿತು. ಕೊನೆಯ ಹಾಳೆಯಲ್ಲಿ 'ಇತರೆ' ಎಂದು ತಲೆಬರಹ ಕೊಟ್ಟು, ಹೆಸರಿನ ಜಾಗ ಖಾಲಿ ಬಿಟ್ಟು, 'ಮೆಟ್ಟಿಲಿಗೆ ಕಂಬಿ' ಎಂದು ಬರೆದೆ. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿತ್ತು.

ಮರುದಿನ ತಟ್ಟೆ ಕೊಡುತ್ತಾ, "ನಂದು ಎಷ್ಟನೇ ನಂಬ್ರು ರೈಟ್ರೇ?" ಎಂದು ಕೇಳಿದರು.

"ಮೂರನೇದು" ಎಂದೆ.

ಆ ಸುಳ್ಳಿಗೆ ಒಂದು ಇಡ್ಲಿ ಜಾಸ್ತಿ ಬಿತ್ತು. ಅದನ್ನೂ ತಿಂದೆ.

ಕಮಾನು ಬಂತು, ಬೆಂಚು ಬಂತು, ಕೆಲಸ ಅಲ್ಲಿಗೇ ನಿಂತಿತು. ಆಷಾಢದ ಒಂದು ಬೆಳಗ್ಗೆ ಅದೇ ಬೆಂಚಿನ ಮೇಲೆ ಪೇಪರ್ ಓದುತ್ತಿದ್ದಾಗ ಪಾತ್ರೆ ಉರುಳಿದ ಸದ್ದಾಯಿತು. ಅದರ ಹಿಂದೆಯೇ ಇಡ್ಲಿಯಮ್ಮ. ಓಡಿಹೋಗಿ ತಲೆ ಎತ್ತಿ ಹಿಡಿದರೆ, "ಎರಡಕ್ಕೇ ನಿಂತ್ಬುಡ್ತಲ್ಲ ರೈಟ್ರೇ. ಆಮ್ಯಾಲೆ ನಂದೇ ಇತ್ತು" ಎಂದರು. ನಾನು "ಹೌದಮ್ಮ" ಎಂದೆ. ನಿಜ ಹೇಳಿ ಕ್ಷಮೆ ಕೇಳಲು ಅದಕ್ಕಿಂತ ಸರಿಯಾದ ಹೊತ್ತು ಮತ್ತೆ ಬರಲಿಲ್ಲ. ಆಸ್ಪತ್ರೆಯಲ್ಲಿ ಚೀಟಿ ಮಾಡುವವರು ರೋಗಿಯ ಹೆಸರು ಕೇಳಿದಾಗ ನಾನು ನೆಲ ನೋಡಿದೆ. ಸೊಂಟ ಮುರಿದುಕೊಂಡು ಮಲಗಿದ್ದವರೇ ಹೇಳಬೇಕಾಯಿತು. ಮದುವೆಯಾಗಿ ಕುಂದೂರಿನಲ್ಲಿದ್ದ ಮಗಳು ಬಂದು ಕರೆದುಕೊಂಡು ಹೋದಳು. ದೀಪಾವಳಿಗೆ ಮುಂಚೆ ತೀರಿಕೊಂಡರು. ಕುಂದೂರಿಗೆ ದಿನಾ ಬಸ್ಸಿತ್ತು. ನಾನು ಹೋಗಲಿಲ್ಲ.

ಅವರು ಬಿದ್ದ ತಿಂಗಳೊಳಗೆ ಕಂಬಿ ಬಂತು. ಈಗ ನನ್ನ ಮಂಡಿ ಹೋಗಿದೆ. ಇಡೀ ಬಡಾವಣೆಯಲ್ಲಿ ಅದನ್ನು ಎಲ್ಲರಿಗಿಂತ ಬಿಗಿಯಾಗಿ ಹಿಡಿಯುವವನು ನಾನೇ. ಮೊನ್ನೆ ಪೆಟ್ಟಿಗೆಯಿಂದ ಪಟ್ಟಿಯ ನಕಲು ತೆಗೆದು, ಕೊನೆಯ ಹಾಳೆಯ ಖಾಲಿ ಜಾಗ ತುಂಬಿದೆ. ಅಷ್ಟು ಕೆಟ್ಟ ಅಕ್ಷರವನ್ನು ನಾನು ಜನ್ಮದಲ್ಲಿ ಬರೆದಿರಲಿಲ್ಲ. ಆದರೂ ಓದಬಹುದು: ಪುಟ್ಟತಾಯಮ್ಮ.