ಮೂರು ಅವಸರ, ಒಂದು ಬೆಂಚು

ಮೊದಲಿಗೇ ತಪ್ಪಾಯಿತು ಎಂದುಬಿಡುತ್ತೇನೆ. ನನಗೆ ಬರೆದು ರೂಢಿಯಿಲ್ಲ. ಔಷಧಿ ಪೊಟ್ಟಣದ ಮೇಲೆ 'ಊಟದ ನಂತರ' ಎಂದು ಬರೆದದ್ದೇ ಇಲ್ಲಿಯವರೆಗಿನ ನನ್ನ ಸಾಹಿತ್ಯ. ನಗುವ ಜಾಗ ಬರುವ ಮೊದಲೇ ನಾನು ವಿವರಣೆಗೆ ನಿಂತುಬಿಟ್ಟರೆ ಸಹಿಸಿಕೊಳ್ಳಿ.

ನಾನು ಹೂವಿನಹಡಗಲಿಯಲ್ಲಿ ಒಬ್ಬ ಡಾಕ್ಟರಮ್ಮನ ದವಾಖಾನೆಯಲ್ಲಿ ಕಾಂಪೌಂಡರ್. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯಿಂದಲೂ ಜನ ಬರುತ್ತಾರೆ. ಬಹಳ ಮಂದಿಯದು ಬಾಯಿಬಿಟ್ಟು ಹೇಳಲಾರದ ತೊಂದರೆ: ಪದೇ ಪದೇ ಒಂದಕ್ಕೆ ಹೋಗಬೇಕಾಗುವುದು. (ಇಲ್ಲೊಂದು ವಿವರಣೆ ಬೇಕು. ಮೂತ್ರ ತಯಾರಾಗುವುದು ಕಿಡ್ನಿಯಲ್ಲಿ, ನಿಲ್ಲುವುದು ಕೆಳಗಿನ ಮೂತ್ರಕೋಶದಲ್ಲಿ. ನಮ್ಮವರು ಎರಡಕ್ಕೂ ಸೊಂಟ ಮುಟ್ಟಿ 'ಕಿಡ್ನಿ' ಅನ್ನುತ್ತಾರೆ.) ನಾಚಿಕೆಯ ಕಾಯಿಲೆ ಇದ್ದಲ್ಲಿ ನಗುವ ಪ್ರಸಂಗ ತಪ್ಪುವುದಿಲ್ಲ. ನಮ್ಮ ಬೆಂಚಿನ ಮೇಲಂತೂ ವಾರಕ್ಕೊಂದು ನಡೆಯುತ್ತದೆ.

ಹಿಂಡಿನ ಔಷಧಿ

ಆ ದಿನ ಬೆಂಚಿನ ಮೇಲೆ ಮೂವರಿದ್ದರು. ಇಟ್ಟಿಗಿಯ ಕುರಿ ಸಾಕುವ ಮನೆಯ ಅಜ್ಜಿ, ಕೊಟ್ಟೂರಿನ ನಿವೃತ್ತ ಮೇಷ್ಟ್ರು, ಮತ್ತು ನಮ್ಮೂರ ಹೂವಿನಕ್ಕ. ಹೂವಿನಕ್ಕ ದಿನಾ ನಸುಕಿನ ಬಸ್ಸಿಗೆ ಮಲ್ಲಿಗೆ ಬುಟ್ಟಿ ಏರಿಸಿಕೊಂಡು ಹರಪನಹಳ್ಳಿಗೆ ಹೋಗಿ ಮಾರುವವಳು. ಈಗ ಬಸ್ಸಿನಲ್ಲಿ ಕೂರಲಾರದೆ ಬುಟ್ಟಿಯನ್ನಷ್ಟೇ ಕಂಡಕ್ಟರನ ಕೈಯಲ್ಲಿ ಅಲ್ಲಿನ ಒಬ್ಬ ಹೂವಿನಂಗಡಿಯವನಿಗೆ ಕಳಿಸುತ್ತಿದ್ದಳು. ಅವಳ ಬಾಯಿ ಜೊತೆಗಿಲ್ಲದಿದ್ದರೆ ಅವಳ ಹೂವು ಮಾರಾಟವಾಗುವುದಿಲ್ಲ. "ಈ ಸಲ ಆರಾಮ ಆಗಲಿಲ್ಲಂದ್ರ ವ್ಯಾಪಾರ ಬಿಟ್ಟ ಬಿಡ್ತೀನಿ" ಎಂದು ಹೇಳಿಯೇ ಒಳಗೆ ಬಂದಿದ್ದಳು.

ಮೂವರದೂ ಒಂದೇ ದೂರು ಎಂದು ತಿಳಿದದ್ದೇ ತಡ, ಅಜ್ಜಿ ಸೆರಗಿನ ಗಂಟು ಬಿಚ್ಚಿ ತನ್ನ ಮಾತ್ರೆಗಳನ್ನು ಉಳಿದಿಬ್ಬರಿಗೂ ಹಂಚಿಬಿಟ್ಟಳು. ನಾನು ಹೌಹಾರಿ, "ಏನ್ ಮಾಡಾಕತ್ತಿ ಅಜ್ಜಿ?" ಎಂದೆ.

"ಒಂದು ಕುರಿಗೆ ಬ್ಯಾನಿ ಬಂದ್ರ ಹಿಂಡಿಗೆಲ್ಲಾ ಔಷಧಿ ಹಾಕಬೇಕಪ್ಪಾ. ನಿನಗೂ ಒಂದು ಕೊಡ್ಲೇನು?"

ಗಲಾಟೆಗೆ ಡಾಕ್ಟರಮ್ಮ ಹೊರಗೆ ಬಂದರು. ಬೈಯಲಿಲ್ಲ. ಇಬ್ಬರ ಕೈಯಿಂದಲೂ ಮಾತ್ರೆ ತೆಗೆದುಕೊಂಡು ಅಜ್ಜಿಯ ಪಕ್ಕದಲ್ಲೇ ಕುಳಿತು, "ಯಮ್ಮಾ, ನಿನಗ ಚಳಿಜ್ವರ ಬಂದಿತ್ತು, ಉರಿ ಇತ್ತು, ಪರೀಕ್ಷಾದಾಗ ಕ್ರಿಮಿ ಸಿಕ್ಕವು. ಈ ಮಾತ್ರಿ ಆ ಕ್ರಿಮಿಗೆ. ಇವರಿಬ್ಬರೂ ಬ್ಯಾರೆ ಹಿಂಡಿನ ಕುರಿ" ಎಂದರು.

ಅಜ್ಜಿ ಮೇಷ್ಟ್ರನ್ನು ಮೇಲಿಂದ ಕೆಳಗೆ ನೋಡಿ, "ಹೌದ ಬಿಡವ್ವಾ, ಈ ಟಗರು ನಮ್ಮ ಕಡೀದಲ್ಲ" ಎಂದಳು.

ಮೇಷ್ಟ್ರ ಓಟ

ಡಾಕ್ಟರಮ್ಮ ಎಲ್ಲರಿಗೂ ಮೊದಲು ಕೇಳುವುದು ಒಂದೇ ಪ್ರಶ್ನೆ: "ನೋವು ಐತೋ, ಬರೀ ಅವಸರ ಐತೋ?" ಕೇಳಿ ಸುಮ್ಮನೆ ಕೂರುತ್ತಾರೆ. ಆ ಸುಮ್ಮನೆ ಕೂರುವುದಿದೆಯಲ್ಲ, ಅದು ನನಗೆ ಈ ಜನ್ಮದಲ್ಲಿ ಬಾರದ ವಿದ್ಯೆ.

ಮೇಷ್ಟ್ರು ಪಾಠ ಮಾಡುವಂತೆ ಹೇಳಿದರು. ನೋವಿಲ್ಲ, ಉರಿಯಿಲ್ಲ. ಆದರೆ ಬಸ್ ಇಳಿದು ಮನೆ ಬಾಗಿಲು ಕಂಡರೆ ಸಾಕು, ಇನ್ನು ಒಂದು ಕ್ಷಣ ತಡೆಯಲಾಗುವುದಿಲ್ಲ. ಹಾಗಾಗಿ ಓಣಿಯ ತುದಿಯಿಂದಲೇ ಓಟ. ಸಕ್ಕರೆ ಕಾಯಿಲೆ ಇಲ್ಲ, ಪ್ರಾಸ್ಟೇಟ್ ಗ್ರಂಥಿಯೂ ಸರಿಯಿದೆ ಎಂದು ಪರೀಕ್ಷೆಗಳು ಆಗಲೇ ಹೇಳಿದ್ದವು. ಡಾಕ್ಟರಮ್ಮ ತಿಳಿಸಿ ಹೇಳಿದರು: "ನಿಮ್ಮ ಮೂತ್ರಕೋಶ ತುಂಬೋದಕ್ಕಿಂತ ಮೊದಲ ಗಂಟಿ ಹೊಡಿತತಿ ಸಾರ್. ಚಹಾ ಕಡಿಮಿ ಮಾಡಿ, ಸ್ವಲ್ಪ ಸ್ವಲ್ಪ ತಡಿಯೋದು ಕಲಿಸಿದ್ರ ಹತೋಟಿಗೆ ಬರ್ತತಿ. ಮಾತ್ರಿನೂ ಅದಾವ."

ಮೇಷ್ಟ್ರಿಗೆ ಖುಷಿಯಾಯಿತು. ಜೊತೆಗೆ ಬಂದ ಅವರ ಹೆಂಡತಿಯ ಮುಖ ಮಾತ್ರ ಸಣ್ಣದಾಯಿತು. ಮೇಷ್ಟ್ರು ಹೊರಗೆ ಹೋದ ಮೇಲೆ ಆಕೆ ಮೆಲ್ಲಗೆ, "ಪೂರ್ತಿ ಆರಾಮ ಮಾಡಬ್ಯಾಡ್ರಿ ಡಾಕ್ಟ್ರೇ" ಎಂದರು.

"ಯಾಕ್ರೀ ಅಮ್ಮಾ?"

"ಈ ವಯಸ್ಸಿನಾಗೂ ಹೆಂಡ್ತಿ ಮಾರಿ ನೋಡಾಕ ಓಡಿ ಬರ್ತಾರ ಅಂತ ಓಣ್ಯಾಗ ನನಗ ಭಾಳ ಹೆಸರೈತ್ರಿ."

ಬುಟ್ಟಿಯೊಳಗಿನ ಬಾಟಲಿ

ಹೂವಿನಕ್ಕನದು ಕಠಿಣ. ಬೇರೆ ಬೇರೆ ಕಡೆ ವರ್ಷಗಟ್ಟಲೆ ಸೋಂಕಿನ ಮಾತ್ರೆಯನ್ನೇ ನುಂಗಿದ್ದಳು. ಮನೆಯವರು 'ಉಷ್ಣ ಆಗೈತಿ' ಎಂದು ಕಾಲಿನ ಹೆಬ್ಬೆರಳಿಗೆ ಸುಣ್ಣ ಹಚ್ಚಿದ್ದರು. ಕಡಿಮೆಯಾಗದಿದ್ದಾಗ 'ಸೋಗು' ಎಂದಿದ್ದರು.

ಡಾಕ್ಟರಮ್ಮ, "ಮುಂಜಾನಿದು ಹಿಡಿದು ತಣ್ಣಗ ಇಟ್ಟುಕೊಂಡು ತಾ" ಎಂದು ನನ್ನಿಂದ ಒಂದು ಬಾಟಲಿ ಕೊಡಿಸಿದರು. ಹಡಗಲಿಯಲ್ಲಿ ತಣ್ಣಗಿಡುವುದೆಂದರೆ ಒಂದೇ ದಾರಿ. ಮರುದಿನ ಹೂವಿನಕ್ಕ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ, ಮಲ್ಲಿಗೆಯ ನಡುವೆ ಹುದುಗಿಸಿ, ಚಿಕ್ಕ ಬುಟ್ಟಿಯಲ್ಲಿಟ್ಟಳು. ಹೂವು ಡಾಕ್ಟರಮ್ಮನಿಗೆ, ಬಾಟಲಿ ಪರೀಕ್ಷೆಗೆ. ಬಸ್ ನಿಲ್ದಾಣದಲ್ಲಿ ದೊಡ್ಡ ಬುಟ್ಟಿ ಏರಿಸಿದ ಕಂಡಕ್ಟರ್, ಇದೂ ಹರಪನಹಳ್ಳಿಯದೇ ಎಂದು ಅದನ್ನೂ ಏರಿಸಿಕೊಂಡು ಹೋಗಿಬಿಟ್ಟ.

ಹೂವಿನಕ್ಕ ಬರಿಗೈಯಲ್ಲಿ ದವಾಖಾನೆಗೆ ಬಂದು ಅಳುತ್ತ ಕುಳಿತಿದ್ದಳು. ಆಗ ಹರಪನಹಳ್ಳಿಯ ಹೂವಿನಂಗಡಿಯವನ ಫೋನು ಬಂತು.

"ಅಕ್ಕಾ, ಈ ಸಲ ಹೂವಿನ ಜೊತಿ ಅತ್ತರನೂ ಕಳಿಸೀಯಲ್ಲ! ಗಿರಾಕಿ ಕೇಳಾಕತ್ಯಾರ, ಏನ್ ರೇಟ್ ಹೇಳ್ಲಿ?"

"ಮುಚ್ಚಳ ತಗಿಬ್ಯಾಡೋ ಅಣ್ಣಾ!" ಹೂವಿನಕ್ಕ ಕೂಗಿದ್ದು ಬಸ್ ನಿಲ್ದಾಣದವರೆಗೂ ಕೇಳಿರಬೇಕು.

ಡಾಕ್ಟರಮ್ಮ ನಗಲಿಲ್ಲ, ಅಂದರೆ ತುಟಿಯಿಂದ ನಗಲಿಲ್ಲ. "ಇನ್ನೊಂದು ಬಾಟ್ಲಿ ಕೊಡ್ರಿ, ಹೂವಿಲ್ಲದ್ದು" ಎಂದರು ನನಗೆ.

ಆ ಪರೀಕ್ಷೆಯಲ್ಲಿ ಕ್ರಿಮಿಯೇ ಇರಲಿಲ್ಲ. ವರದಿ ನೋಡಿ ಹೂವಿನಕ್ಕ ಇನ್ನೂ ಕುಗ್ಗಿದಳು. "ಹಂಗಾರ ಮನ್ಯಾಗಿನವರು ಹೇಳಿದ್ದ ಖರೇ ಏನ್ರೀ? ನಾನು ಸೋಗು ಹಾಕಾಕತ್ತೀನೇನು?"

"ತುಂಬಿದಂಗೆಲ್ಲಾ ನೋವು ಏರತೈತಿ, ಹೋಗಿ ಬಂದ್ರ ಒಂದೀಟು ಆರಾಮ. ಹೌದಿಲ್ಲೋ?"

"ಹೌದ್ರೀ."

"ವರದಿನೂ ಸುಳ್ಳಲ್ಲ, ನಿನ್ನ ನೋವೂ ಸುಳ್ಳಲ್ಲ ತಂಗಿ."

ಅಷ್ಟೇ ಮಾತು. ಅವಳು ಬೆಂಚಿನ ಮೇಲೆ ಕುಳಿತು ಬಹಳ ಹೊತ್ತು ಅತ್ತಳು. ಡಾಕ್ಟರಮ್ಮ ಅಲ್ಲಿಗೇ ಬಿಡದೆ ಅವಳನ್ನು ದಾವಣಗೆರೆಗೆ ಕಳಿಸಿ, ಒಳಗೆ ಸಣ್ಣ ನಳಿಕೆ ಹಾಕಿ ನೋಡಿಸಿ, ಕಲ್ಲು, ಗಂಟು ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಇದು ಮೂತ್ರಕೋಶದ್ದೇ ನೋವಿನ ಕಾಯಿಲೆ. ಬೇರುಸಹಿತ ಹೋಗುವ ಮಾತಿಲ್ಲ, ಆದರೆ ಪಳಗಿಸಬಹುದು. ಕೆರಳಿಸುವ ತಿನಿಸು ಯಾವುದೆಂದು ಒಂದೊಂದಾಗಿ ಬಿಟ್ಟು ನೋಡಿದರು. ಅವಳ ಮಟ್ಟಿಗೆ ಅದು ಮಿರ್ಚಿ ಮತ್ತು ಕಡಕ್ ಚಹಾ. ತಟ್ಟೆಯ ಮಂಡಕ್ಕಿ-ಮಿರ್ಚಿಯಲ್ಲಿ ಮಂಡಕ್ಕಿ ಒಂದೇ ಉಳಿಯಿತು.

ಈಗ ಮೂರರ ವ್ಯತ್ಯಾಸವನ್ನು ಇನ್ನೊಮ್ಮೆ ಸರಿಯಾಗಿ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಉರಿಯ ಜೊತೆ ಕ್ರಿಮಿ ಸಿಕ್ಕರೆ ಅಜ್ಜಿಯದು. ನೋವಿಲ್ಲದ ಅವಸರ ಮೇಷ್ಟ್ರದು. ಕ್ರಿಮಿಯಿಲ್ಲದೆ, ತುಂಬಿದಂತೆ ನೋವು ಏರಿದರೆ ಹೂವಿನಕ್ಕನದು. ಆದರೆ ಒಬ್ಬರಿಗೇ ಎರಡು ಕೂಡಿಯೂ ಇರಬಹುದು. ಆಗ ಡಾಕ್ಟರಮ್ಮ ಏನು ಮಾಡುತ್ತಾರೆಂದರೆ, ಮೊದಲು…

ತಾಳಿ, ಹೊರಗೆ ಹರಪನಹಳ್ಳಿ ಬಸ್ಸು ನಿಂತಿದೆ. ಯಾರೋ ಇಳಿದು ನನ್ನನ್ನೇ ಕೂಗುತ್ತಿದ್ದಾರೆ.

"ಕಾಂಪೌಂಡರಣ್ಣಾ, ಬರ್ರಿ, ಬುಟ್ಟಿ ಇಳಿಸಾಕ ಒಂದೀಟು ಕೈ ಹಚ್ರಿ! ಎಲ್ಲಾ ಮಾರಿ, ಡಾಕ್ಟರಮ್ಮಗ ನಾಕು ಮೊಳ ಉಳಿಸ್ಕೊಂಡು ಬಂದೀನಿ. ಅಂಜಬ್ಯಾಡ್ರಿ, ಬರೀ ಹೂವು, ಅತ್ತರ ಇಲ್ಲ!"