ಬಿಡುಗಡೆಯಾಗದ ಹಾಡುಗಳ ಅಕ್ಕ

ಕ್ಯಾಸೆಟ್ ಕಾಲದ ಆ ದೊಡ್ಡ ಪಾಪ್ ತಾರೆಗೆ ಹಾಡು ಕಲಿಸಿದವನು ನಾನೇ.

ಸುಳ್ಳು. ಕಡೂರಿನಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವವನು ನಾನು. ಅವರಿಗೆ ನಾನು ಕಲಿಸಲು ನೋಡಿದ್ದು ಒಂದೇ ಒಂದು: ಮೈಕ್ ಕೈಗೆ ಬಂದ ತಕ್ಷಣ ಬೆರಳಲ್ಲಿ ಟಕಟಕ ಬಡಿಯಬೇಡಿ ಅಂತ. ಅದನ್ನೂ ಅವರು ಕಲಿಯಲಿಲ್ಲ. ಅವರ ಜೊತೆ ಇದ್ದರೆ ಹೀಗೆ ಏನಾದರೊಂದು ಆಗುತ್ತಲೇ ಇರುತ್ತದೆ. ನಾನು ಸುಮ್ಮನಿದ್ದರೂ ಆಗುತ್ತದೆ. ನಾನು ಸುಮ್ಮನಿರುವವನೂ ಅಲ್ಲ.

ಒಂದು ಕಾಲದಲ್ಲಿ ಈ ಹೋಟೆಲ್ ಮುಂದೆ ಹೋಗುವ ಯಾವ ಪ್ರೈವೇಟ್ ಬಸ್ ಹತ್ತಿದರೂ ಅವರದೇ ದನಿ. ಕ್ಯಾಸೆಟ್ ಹೊದಿಕೆಯ ಮೇಲೆ ಜೀನ್ಸ್ ಹಾಕಿಕೊಂಡು, ಅರ್ಧ ಮುಖ ಮುಚ್ಚುವ ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಿಂತಿರುತ್ತಿದ್ದರು. ಕ್ಯಾಸೆಟ್ ಹೋಯಿತು, ಸಿಡಿ ಬಂತು, ಅದೂ ಹೋಯಿತು. ಅಕ್ಕ, ನಾನು ಅವರನ್ನು ಕರೆಯುವುದೇ ಹಾಗೆ, ತರೀಕೆರೆಗೆ ಬಂದು ಮನೆ ಮಾಡಿದರು. ಪಕ್ಕದ ಮನೆಯ ಅಜ್ಜಿಗೆ ಯಾರೋ ಹೇಳಿದರಂತೆ, "ಇವ್ರು ಮೊದ್ಲು ಪಾಪ್ ಸಿಂಗರ್ ಆಗಿದ್ರು ಕಣಜ್ಜಿ." ಅಜ್ಜಿ, "ಪಾಪ... ಈಗ ಹುಷಾರಾಗವ್ರಾ?" ಅಂದಿತಂತೆ.

ಈಗ ಅಕ್ಕ ಹಾಡುವುದು ಧರ್ಮಕ್ಕೆ ಮಾತ್ರ. ಆಸ್ಪತ್ರೆಗೆ ಒಂದು ಹಾಡು, ದನಗಳಿಗೆ ಒಂದು ಹಾಡು, ಶಾಲೆಗೆ ಒಂದು ಹಾಡು. ಹಾಡುವುದು ಆಗುತ್ತದೆ, ಬಿಡುಗಡೆ ಮಾತ್ರ ಆಗುವುದಿಲ್ಲ. ಫೋನಿಗೆ ಹಾಕಿಬಿಡೋಣ ಅಂದರೆ ಬೈಯುತ್ತಾರೆ. "ಲೇ, ಹೆಬ್ಬೆಟ್ಟಲ್ಲಿ ತಳ್ಳೋದನ್ನ ಬಿಡುಗಡೆ ಅಂತಾರೇನೋ? ಕೇಳ್ದೋರು ಮನೆಗೆ ಹೋಗ್ತಾ ಗುನುಗ್ಬೇಕು. ಅದು ಬಿಡುಗಡೆ."

ಅದರ ಮೇಲೆ ಶಿವಮೊಗ್ಗದ ಗಂಟಲು ಡಾಕ್ಟರು ಒಂದು ಮಾತು ಹೇಳಿದ್ದರು. ದನಿಪೆಟ್ಟಿಗೆಯಲ್ಲಿ ಗಂಟು ಇದೆ, ಆಪರೇಷನ್ ಆಗಲೇಬೇಕು, ಆಮೇಲೆ ಇದೇ ದನಿ ಬರುತ್ತದೆ ಅಂತ ಹೇಳೋಕಾಗಲ್ಲ. ಅಕ್ಕ ಆಪರೇಷನ್ ಮುಂದಕ್ಕೆ ಹಾಕುತ್ತಾ ಬಂದರು. "ಒಂದೇ ಒಂದು ಹಾಡು ಜನರ ಬಾಯಿಗೆ ಬರ್ಲಿ ಕಣೋ. ಆಮೇಲೆ ಕುಯ್ಕೊಳ್ಲಿ" ಅನ್ನುತ್ತಿದ್ದರು. ಅವರ ಆಸೆ ಅಷ್ಟೇ. ಅದಕ್ಕಾಗಿ ನಾವು ಪಟ್ಟ ಪಾಡು ಕೇಳಿ.

ಎಮ್ಮೆದೊಡ್ಡಿಯ ತೋಳ

ಮೊದಲನೆಯದು ದನಗಳ ಮೇವಿಗೆ ಹಣ ಕೂಡಿಸುವ ಹಾಡು. ಸ್ಟುಡಿಯೋದಲ್ಲಿ ಬೇಡ, ದನ ಮೇಯುವ ಎಮ್ಮೆದೊಡ್ಡಿ ಕಾವಲಿನಲ್ಲೇ ನಿಂತು ಹಾಡುತ್ತೇನೆ, ಹಿಂದೆ ದನಗಳ ಸದ್ದು ಕೇಳಬೇಕು ಅಂತ ಅಕ್ಕನ ಹಠ.

ಅಲ್ಲಿಯ ಅಮೃತಮಹಲ್ ದನ ಅಂದರೆ ಬೆನ್ನು ಸವರಿಸಿಕೊಳ್ಳುವ ಸಾಧು ಹಸು ಅಂದುಕೊಳ್ಳಬೇಡಿ. ಹೊಸಬರನ್ನು ಕಂಡರೆ ತಲೆ ಎತ್ತಿ ನಿಲ್ಲುತ್ತವೆ. ಆ ತಲೆ ಬಗ್ಗಿತೋ, ನಾವು ಅಲ್ಲಿರಬಾರದು. ಕಾಯುವಾತ ಮೊದಲೇ ಎಚ್ಚರಿಸಿದ್ದ: "ಓಡ್ಬ್ಯಾಡ್ರಿ, ಕಿರುಚ್ಬ್ಯಾಡ್ರಿ."

ಬಯಲು ಗಾಳಿ ಮೈಕಿಗೆ ಹೊಡೆಯಬಾರದು ಅಂತ ಅದಕ್ಕೊಂದು ಕೂದಲಿನ ಟೊಪ್ಪಿ ಹಾಕುತ್ತಾರೆ. ಬೂದು ಬಣ್ಣ, ಪೊದೆಪೊದೆ ಕೂದಲು. ಅದನ್ನು ಕೋಲಿಗೆ ಕಟ್ಟಿ ಎತ್ತಿ ಹಿಡಿದೆ. ನನ್ನ ಕಣ್ಣಿಗೆ ಅದು ಮೈಕು, ದನಗಳ ಕಣ್ಣಿಗೆ ತೋಳ. ಕರುಗಳನ್ನು ಹಿಂದಕ್ಕೆ ತಳ್ಳಿ, ಕೊಂಬು ಮುಂದೆ ಮಾಡಿ ಇಡೀ ಹಿಂಡು ಹೊರಟಿತು. ನಾನು ಓಡಿದೆ. ಕಿರುಚಿದೆ ಕೂಡ.

"ಅದುನ್ನ ಬಿಸಾಕ್ಲೇ!" ಅಂತ ಕಾಯುವಾತ ಕೂಗುತ್ತಿದ್ದ. ಬಿಸಾಕುವುದು ಹೇಗೆ? ಸ್ವಂತ ಮೈಕು. ತೋಳವನ್ನು ಎತ್ತಿ ಹಿಡಿದುಕೊಂಡೇ ಓಡಿದೆ. ಹಿಂಡು ಹಿಂದೆಯೇ ಬಂತು.

ಅಕ್ಕ ಮಾತ್ರ ನಿಂತ ಜಾಗ ಬಿಡಲಿಲ್ಲ, ಹಾಡನ್ನೂ ನಿಲ್ಲಿಸಲಿಲ್ಲ. ದನಿಯನ್ನು ಸ್ವಲ್ಪ ತಗ್ಗಿಸಿದರು, ಅಷ್ಟೇ. ತೊಟ್ಟಿಲು ತೂಗುವವರ ಹಾಗೆ. ಬಂಡೆ ಏರಿ ನಿಂತು ನಾನು ನೋಡುತ್ತೇನೆ: ಮುಂದಿದ್ದ ಹಸು ನಿಂತಿತು. ಅದರ ಹಿಂದೆ ಇನ್ನೊಂದು. ಆಮೇಲೆ ಎಲ್ಲವೂ ಕಿವಿ ಮುಂದೆ ಮಾಡಿಕೊಂಡು, ಬಾಲ ಕೂಡ ಅಲ್ಲಾಡಿಸದೆ ನಿಂತುಬಿಟ್ಟವು. ಎಷ್ಟೋ ಸಭೆಗಳಿಗೆ ಮೈಕ್ ಕಟ್ಟಿದ್ದೇನೆ. ಅಷ್ಟು ಮರ್ಯಾದೆಯಿಂದ ಹಾಡು ಕೇಳಿದ ಸಭೆ ನೋಡಿರಲಿಲ್ಲ.

ಮೈಕ್ ಮಾತ್ರ ನನ್ನ ಹತ್ತಿರ ಇತ್ತಲ್ಲ. ಮನೆಗೆ ಬಂದು ಹಾಕಿದರೆ, ದೂರದಲ್ಲೆಲ್ಲೋ ಅಕ್ಕನ ಹಾಡು, ಹತ್ತಿರದಲ್ಲಿ ನನ್ನ ಏದುಸಿರು ಮತ್ತು "ಅವ್ವೋ, ಅವ್ವೋ." ಕಾಯುವಾತನಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದ. "ಹಾಡು ಬಲು ಚೆನ್ನಾಗೈತೆ. ದನ ಅಂಬಾ ಅನ್ನೋದು ಮಾತ್ರ ಯಾಕೋ ಮನ್ಸ ಅಂದಂಗೈತೆ" ಅಂದ.

ಪಲ್ಲವಿಗೆ ಪೈಪೋಟಿ

ತರೀಕೆರೆಯ ಒಂದು ಧರ್ಮಾಸ್ಪತ್ರೆಗೆ ಮಂಚ ಬೇಕಾಗಿತ್ತು. ನಮ್ಮ ಕಡೆ ದಾನ ಕೊಟ್ಟವರಿಗೆ ಹೆಸರು ಕಾಣಬೇಕು. ಫ್ಯಾನ್ ಕೊಟ್ಟರೆ ಅದರ ರೆಕ್ಕೆಯ ಮೇಲೆ ಹೆಸರು ಬರೆಸುತ್ತಾರೆ. ತಿರುಗುವಾಗ ಹೆಸರು ಕಾಣಲ್ಲ ಅಂತ ಬೇಸಿಗೆಯಲ್ಲೂ ಸ್ವಿಚ್ ಆರಿಸಿದ ಪುಣ್ಯಾತ್ಮರು ಇದ್ದಾರೆ. ಅದಕ್ಕೇ ಅಕ್ಕನಿಗೆ ಹೇಳಿದೆ, "ದಾನಿಗಳ ಹೆಸರು ಹಾಡಿನ ಒಳಗೇ ಸೇರಿಸೋಣ."

ಮೊದಲು ಒಪ್ಪಿದವರು ಅಡಿಕೆ ಮಂಡಿಯ ಸಾಹುಕಾರರು. ಆಮೇಲೆ ಜವಳಿ ಅಂಗಡಿಯ ಸಾಬರು. ಇಬ್ಬರದೂ ಎದುರುಬದುರು ಅಂಗಡಿ, ಎದುರುಬದುರು ಸ್ವಭಾವ. ನಾನು ಸುಮ್ಮನಿರಬಹುದಿತ್ತು. ಸಾಹುಕಾರರ ಕಿವಿಯಲ್ಲಿ ಹೇಳಿದೆ: "ನಿಮ್ಮ ಹೆಸ್ರು ಚರಣದಲ್ಲಿದೆ. ಚರಣ ಒಂದ್ಸಲ ಬಂದು ಹೋಗುತ್ತೆ. ಪಲ್ಲವಿ ನೋಡಿ, ಪ್ರತಿ ಚರಣ ಮುಗಿದ ಮೇಲೂ ತಿರುಗಿ ಬರುತ್ತೆ. ಸಾಬರು ಪಲ್ಲವೀಲಿದಾರೆ."

ಸಾಹುಕಾರರು ಎದ್ದು ನಿಂತರು. "ನಾನೇನು ಬಂದು ಹೋಗೋ ನೆಂಟನೇನಯ್ಯಾ? ಪಲ್ಲವಿ ನಂಗೆ ಬರೀರಿ!"

ಸಾಬರಿಗೆ ಗೊತ್ತಾಯಿತು. "ಪಲ್ಲವಿ ಬಿಡಲ್ಲ ಭಾಯ್. ಬೇಕಾದ್ರೆ ಅವ್ರು ಚರಣ ಎರಡು ತಗೊಳ್ಲಿ" ಅಂದರು.

ವಾರಗಟ್ಟಲೆ ಎಳೆದಾಡಿ, ಕಡೆಗೆ ಇಬ್ಬರೂ ಬೇರೆಬೇರೆಯಾಗಿ ಬಂದು ಒಂದೇ ಮಾತು ಹೇಳಿದರು: "ಮಂಚ ಎಷ್ಟು ಬೇಕೋ ಅಷ್ಟೂ ಕೊಡ್ತೀನಿ. ಆ ಹಾಡು ಮಾತ್ರ ಹೊರಗೆ ಬರ್ಕೂಡ್ದು." ಹಾಡು ಹಾಡಿ ದುಡ್ಡು ಎತ್ತಿದವರಿದ್ದಾರೆ. ಹಾಡದೆ ಎತ್ತಿದವರು ನಾವೇ. ಬೇಕಾದ್ದಕ್ಕಿಂತ ಹೆಚ್ಚು ಮಂಚ ಬಂದವು.

ಮಂಚ ಹಾಕಿದ ದಿನ ಅಕ್ಕ ವಾರ್ಡಿನಲ್ಲಿ ಒಂದು ಮಂಚದ ತುದಿಗೆ ಕೂತು, ಹೆಸರುಗಳನ್ನೆಲ್ಲ ತೆಗೆದು, ಮೈಕಿಲ್ಲದೆ ಆ ಹಾಡು ಹಾಡಿದರು. ಸೂಜಿ ಚುಚ್ಚಲು ಬಂದ ನರ್ಸಮ್ಮ ಸೂಜಿ ಹಿಡಿದುಕೊಂಡೇ ನಿಂತಳು. ಚುಚ್ಚಿಸಿಕೊಳ್ಳಬೇಕಾದವನು ಅಂಗಿಯ ತೋಳು ಮಡಚುವುದನ್ನೇ ಮರೆತ. ಸಾಹುಕಾರರು ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರು. "ಇಂಥಾ ಹಾಡು ಅಂತ ಗೊತ್ತಿದ್ರೆ ಅವ್ನ ಹೆಸರೂ ಇರ್ಲಿ ಅಂತಿದ್ದೆ" ಅಂದರು. ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದರು. "ಚರಣದಲ್ಲಿ."

ನಾಲೆಗೆ ಹಾಡು

ಇದು ಶಾಲೆಯೊಂದಕ್ಕೆ ಕುಡಿಯುವ ನೀರಿನ ಫಿಲ್ಟರ್ ಕೊಡಿಸುವ ಹಾಡು. ಲಕ್ಕವಳ್ಳಿಯಲ್ಲಿ ಭದ್ರಾ ನಾಲೆಗೆ ನೀರು ಬಿಡುವ ದಿನ ಹೇಗಿದ್ದರೂ ಜನ ಸೇರುತ್ತಾರೆ, ಮೈಕೂ ನನ್ನದೇ, ಅಲ್ಲೇ ಬಿಡುಗಡೆ ಮಾಡಿಬಿಡೋಣ ಅಂತ ಉಪಾಯ ಮಾಡಿದೆ. ಕರಪತ್ರ ಅಚ್ಚಿಗೆ ಕೊಟ್ಟೆ. "ನಾಲೆಗೆ ನೀರು ಬಿಡುಗಡೆ" ಅಂತ ಒಂದು ಸಾಲು, ಕೆಳಗೆ "ಹಾಡು ಬಿಡುಗಡೆ" ಅಂತ ಇನ್ನೊಂದು. ಜಾಗ ಸಾಲದೆ ಪ್ರೆಸ್ಸಿನವನು ಎರಡನ್ನೂ ಒತ್ತಿ ಒಂದು ಮಾಡಿದ್ದ: "ನಾಲೆಗೆ ಹಾಡು ಬಿಡುಗಡೆ."

ಬೆಳಗ್ಗೆ ಹೋಗಿ ನೋಡಿದರೆ ರಸ್ತೆ ತುಂಬ ಟ್ರ್ಯಾಕ್ಟರು. "ಈ ಸಲ ನೀರಿಲ್ವಂತೆ, ಹಾಡು ಬಿಡ್ತಾರಂತೆ! ಸಸಿ ಮಡಿಗೆ ಹಾಡು ಹಾಯಿಸ್ಲೇನ್ರೀ?" ಅಂತ ಒಬ್ಬ ಗೌಡರು ಇಂಜಿನಿಯರರ ಕಾರಿಗೆ ಅಡ್ಡ ನಿಂತಿದ್ದರು. ಇಂಜಿನಿಯರರಿಗೆ ಯಾವ ಹಾಡು ಅಂತಲೇ ಗೊತ್ತಿಲ್ಲ. ನಾನು ಸ್ಪೀಕರ್ ಹಿಂದೆ ಬಗ್ಗಿ ವೈರ್ ಹುಡುಕುತ್ತಿದ್ದೆ. ಅಂದರೆ, ಅಡಗಿದ್ದೆ.

ಅಕ್ಕ ಮೈಕ್ ತಗೊಂಡು ಟಕಟಕ ಬಡಿದು ಹಾಡತೊಡಗಿದರು. ಅಣೆಕಟ್ಟಿನ ಕೆಳಗೆ ನಿಂತರೆ ಯಾವ ದನಿಯಾದರೂ ಇರುವೆಯಷ್ಟಾಗುತ್ತದೆ. ಅವರದು ಆಗಲಿಲ್ಲ. ಆ ಗೋಡೆಗೆ ಹೋಗಿ, ಅಲ್ಲಿಂದ ತಿರುಗಿ ಬಂದು, ನಮ್ಮ ತಲೆ ಮೇಲೆ ಚಪ್ಪರದಂತೆ ನಿಂತಿತು. ಕೂಗಾಡುತ್ತಿದ್ದವರು ಒಬ್ಬೊಬ್ಬರಾಗಿ ಟ್ರ್ಯಾಕ್ಟರ್ ಆಫ್ ಮಾಡಿದರು. ಸರಿ, ಇವತ್ತು ಬಿಡುಗಡೆ ಆಗೇಹೋಯ್ತು ಅಂದುಕೊಂಡೆ.

ಅಷ್ಟರಲ್ಲಿ ಗೇಟ್ ಎತ್ತಿದರು. ನೀರು ಬಂತು. "ಬಂತು ಕಣ್ರೋ!" ಅಂತ ಇಡೀ ಸಭೆ ನೀರಿನ ಹಿಂದೆ ಓಡಿತು. ಅಡ್ಡ ನಿಂತಿದ್ದ ಗೌಡರು ಮಾತ್ರ ತಿರುಗಿ ಬಂದು ಅಕ್ಕನಿಗೆ ಕೈ ಮುಗಿದರು. "ತಾಯೀ, ನೀವು ಹಾಡಿದ್ದಕ್ಕೇ ಹೆದರಿ ನೀರು ಬಿಟ್ರು. ಬ್ಯಾಸಿಗೆ ಬೆಳೆಗೂ ಬಂದ್ಬಿಡಿ."

ಅಜ್ಜಂಪುರದ ಕಣ್ಣು

ಕಡೆಯದು ನೇತ್ರದಾನದ ಹಾಡು. ಅಷ್ಟು ಹೊತ್ತಿಗೆ ಅಕ್ಕನ ದನಿ ಒಡೆಯತೊಡಗಿತ್ತು. ಒಂದು ಸಾಲು ಹಾಡಿ, ನೀರು ಕುಡಿದು, ಇನ್ನೊಂದು ಸಾಲು ಹಾಡಿ ಮುಗಿಸಿದರು. "ಹೋಗೋವಾಗ ಹೊತ್ತೊಯ್ಯಲಾರೆ, ಕೊಟ್ಟು ಹೋಗಣ್ಣ, ಎರಡೂ ಕಣ್ಣ" ಅಂತ ಪಲ್ಲವಿ. ಅಜ್ಜಂಪುರದಲ್ಲಿ ಸಭೆ ನಿಗದಿಯಾಯಿತು, ಶಾಮಿಯಾನ ಏರಿತು. ಅವತ್ತೇ ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಬಂತು. ವೇದಿಕೆ ಇಲ್ಲ, ಅತಿಥಿಗಳಿಲ್ಲ, ಸಭೆ ರದ್ದು.

ಅಕ್ಕ ಬೈಯಲಿಲ್ಲ. "ಹೋಗ್ಲಿ ಬಿಡೋ" ಅಂದರು. ಆ ಮಾತೂ ಅರ್ಧ ಗಾಳಿಯಾಗಿ ಬಂತು. ಮಾರನೆಯ ದಿನ ಆಪರೇಷನ್‌ಗೆ ಹೋದರು.

ನಾನು ಅಜ್ಜಂಪುರದಲ್ಲಿ ಶಾಮಿಯಾನ ಬಿಚ್ಚಿಸುತ್ತಾ ನಿಂತಿದ್ದೆ. ಕಸದ ಗಾಡಿ ಬಂತು. ಓಡಿಸುವ ಹೆಂಗಸು ಕಿಟಕಿಯಿಂದಲೇ ಕೇಳಿದಳು, "ಅಣ್ಣಾ, ಗಾಡಿ ಹಾಡು ಕೆಟ್ಟೋಯ್ತು. ಕಸ ಕಸ ಅಂತ ಕೂಗಿ ಗಂಟ್ಲು ಬಿದ್ದೋಯ್ತು. ನಿನ್ನತ್ರ ಯಾವ್ದಾದ್ರೂ ಹಾಡು ಐತಾ?"

ಇದು ನನ್ನದೇ ಉಪಾಯ ಅಂತ ಊರಲ್ಲೆಲ್ಲ ಹೇಳಿಕೊಂಡಿದ್ದೇನೆ. ನಿಜ ಅಂದರೆ, ಜೇಬಿನಲ್ಲಿದ್ದ ನೇತ್ರದಾನದ ಹಾಡಿನ ಪೆನ್‌ಡ್ರೈವ್ ಕಿತ್ತುಕೊಂಡವಳು ಅವಳೇ. "ತಾಯೀ, ನೀತಿ ಸಂಹಿತೆ ಇದೆ" ಅಂದೆ. "ಕಸಕ್ಕೆ ಯಾವ್ ನೀತಿ ಸಂಹಿತೆ ಅಣ್ಣಾ?" ಅಂತ ಹಾಕಿಕೊಂಡು ಹೊರಟೇಹೋದಳು.

ಆಪರೇಷನ್ ಆಯಿತು. ಕೆಲವು ವಾರ ಮಾತೇ ಆಡಬಾರದು, ಕೆಮ್ಮಲೂಬಾರದು ಅಂದರು ಡಾಕ್ಟರು. ಅಕ್ಕ ಮನೆಯಲ್ಲಿ ಕೈಸನ್ನೆ ಮಾಡಿಕೊಂಡಿದ್ದರು. ದನಿ ಉಳಿದಿದೆಯೋ ಹೋಗಿದೆಯೋ ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಅಷ್ಟರಲ್ಲಿ ಯಾರೋ ಚಾಡಿ ಹೇಳಿದರು: ಅಜ್ಜಂಪುರದ ಕಸದ ಗಾಡಿಯಲ್ಲಿ ದಿನಾ ನಿಮ್ಮದೇ ಹಾಡು.

ಅಕ್ಕ ನನ್ನನ್ನು ಕರೆಸಿದರು. ಕೈಯಲ್ಲಿ ಸ್ಟೀರಿಂಗ್ ತಿರುಗಿಸುವ ಸನ್ನೆ ಮಾಡಿದರು. ಆಮೇಲೆ ಕತ್ತು ಹಿಸುಕುವ ಸನ್ನೆ. ಎರಡೂ ಅರ್ಥವಾದವು. ದಾರಿಯುದ್ದಕ್ಕೂ ನಾನೊಬ್ಬನೇ ಮಾತಾಡಿದೆ.

ಅಜ್ಜಂಪುರದ ಒಂದು ಬೀದಿಯ ತಿರುವಿನಲ್ಲಿ ನಿಂತೆವು. ಗಾಡಿ ಬಂತು. ಹಾಡು ಬಂತು. ಬಾಗಿಲುಗಳು ತೆರೆದವು. ಬಕೆಟ್ ಹಿಡಿದವರು, ಬುಟ್ಟಿ ಹಿಡಿದವರು, ಹಲ್ಲುಜ್ಜುತ್ತಿದ್ದವರು, ಎಲ್ಲರೂ ಬಂದರು. ಎಲ್ಲರ ಬಾಯಲ್ಲೂ ಅದೇ ಗುನುಗು. ಕಸ ಸುರಿದು ಬರಿ ಬಕೆಟ್ ಬಡಿಯುತ್ತಾ ವಾಪಸ್ ಹೋಗುವಾಗಲೂ ಗುನುಗು. ಒಬ್ಬರು ಎತ್ತಿದ ಸಾಲನ್ನು ಎದುರು ಮನೆಯವರು ಮುಗಿಸುತ್ತಿದ್ದರು. ಇಷ್ಟು ವರ್ಷ ಸ್ಪೀಕರ್ ಹೊತ್ತಿದ್ದೇನೆ. ಸ್ಪೀಕರ್ ನಿಂತ ಮೇಲೂ ಬೀದಿ ಹಾಡುವುದನ್ನು ಅವತ್ತೇ ನೋಡಿದ್ದು. ಅಕ್ಕ ನನ್ನ ತೋಳು ಹಿಡಿದಿದ್ದರು. ಉಗುರು ಇಳಿದಿತ್ತು.

ಆಗ ಕಡೆಯ ಮನೆಯಿಂದ ಒಬ್ಬ ಮುದುಕಿ ಎರಡು ಬಕೆಟ್ ಹಿಡಿದುಕೊಂಡು ಬಂದು, ಗಾಡಿಯವಳನ್ನು ಗದರಿಸಿತು: "ಏನೇ, ದಿನಾ ಕಣ್ಣು ಕೊಡು ಕಣ್ಣು ಕೊಡು ಅಂತ ಬಡ್ಕೋತಾಳಲ್ಲ ಆಯಮ್ಮ. ಕೊಡಾನ, ನಂಗೇನು. ಅದುನ್ನ ಹಸಿ ಕಸಕ್ಕೆ ಹಾಕ್ಬೇಕಾ, ಒಣ ಕಸಕ್ಕಾ?"

ಗಾಡಿಯವಳು ಯೋಚನೆ ಮಾಡಿದಳು. ಅವಳದು ಕರ್ತವ್ಯನಿಷ್ಠೆ. "ಕಣ್ಣಲ್ಲಿ ನೀರು ಬರ್ತೈತಲ್ಲ ಅಜ್ಜಿ. ಹಸಿ ಕಸವೇ ಇರ್ಬೇಕು."

ಅಕ್ಕ ಬಾಯಿ ಮುಚ್ಚಿಕೊಂಡರು. ಭುಜ ಅಲುಗಿತು. ಡಾಕ್ಟರು ಹೇಳಿದ್ದೆಲ್ಲ ಗಾಳಿಗೆ ಹೋಯಿತು. ಕೈ ಸರಿಯಿತು, ನಗು ಹೊರಗೆ ಬಿತ್ತು. ಕೆಳಗಿನಿಂದ ಎದ್ದು, ಮೇಲಕ್ಕೆ ಹೋಗಿ, ಅಲ್ಲೇ ನಿಂತು ಗಿರಗಿರ ತಿರುಗಿತು. ಎಲ್ಲೂ ಒಡಕಿಲ್ಲ, ಎಲ್ಲೂ ಗಾಳಿ ಸೇರಿಲ್ಲ. ಕ್ಯಾಸೆಟ್ಟಿನ ಕಾಲದ್ದೇ ಗಂಟೆಯಂಥ ದನಿ. ಅಕ್ಕನಿಗೂ ತಿಳಿಯಿತು. ತಮ್ಮ ನಗುವನ್ನು ತಾವೇ ಕೇಳಿಸಿಕೊಳ್ಳುತ್ತಾ ಇನ್ನೂ ಜೋರಾಗಿ ನಕ್ಕರು.

ಮುದುಕಿ ಬಕೆಟ್ ಕೆಳಗಿಟ್ಟು, ಅಕ್ಕನನ್ನು ಮೇಲಿಂದ ಕೆಳಗೆ ನೋಡಿ, ಗಾಡಿಯ ಸ್ಪೀಕರನ್ನೂ ಒಂದು ಸಲ ನೋಡಿ ಕೇಳಿತು: "ಇದ್ಯಾರೇ ಇವ್ಳು? ಕಸದ ಗಾಡಿ ನಕ್ಕಂಗೇ ನಗ್ತಾಳಲ್ಲ!"

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದರಲ್ಲಿ ಅರ್ಧ ನಿಜ, ಯಾವ ಅರ್ಧ ಅಂತ ನನಗೂ ಈಗ ನೆನಪಿಲ್ಲ. ಹೋಟೆಲ್‌ನವನು ಆಗಿನಿಂದ ನಮ್ಮ ಕಡೆಯೇ ನೋಡುತ್ತಿದ್ದಾನೆ. ಮಾತಿನ ಭರದಲ್ಲಿ ನಾನು ಎಷ್ಟು ಟೀ ಕುಡಿದೆನೋ ಏನೋ, ನೀವೇ ಕೇಳಿ ಕೊಟ್ಬಿಡಿ ಸ್ವಾಮಿ.